ಬೆನ್ನ ಮೇಲೆ ಇಂಜಿನ್, ಕೆಲ್ಸ ಎಲ್ಲಾ ಕಾಲಿಗೆ

ಪ್ಯಾರಾಮೋಟರ್ (ಬೆನ್ನಿಗೆ ಇಂಜಿನ್ ಕಟ್ಕೊಂಡು, ತಲೆ ಮೇಲೆ ಪ್ಯಾರಾಚೂಟ್ ಥರದ ಬಟ್ಟೆ ರೆಕ್ಕೆ ಎತ್ಕೊಂಡು ಹಾರೋದು) ಕಲಿಯಕ್ಕೆ ಹೋಗ್ತಿದೀನಿ ಅಂದ್ರೆ ಜನ ಮೊದ್ಲು ಕೇಳೋದು ಎಷ್ಟಾಗುತ್ತೆ ಅಂತ. ಆಮೇಲೆ ಸಮಾಧಾನ ಹೇಳ್ತಾರೆ, ಬಿಡಪ್ಪ ಬೆನ್ನ ಮೇಲೆ ಇಂಜಿನ್ ಇರುತ್ತಲ್ಲ, ಗುಡ್ಡದಿಂದ ಧುಮುಕೋ ಹಾಗಿಲ್ಲ, ಅದೇ ಎತ್ಕೊಂಡು ಹೋಗುತ್ತೆ. ಗಾಳಿಗೆ ಹೋದ್ಮೇಲೆ ಆ ಮಾತು ನಿಜ, ಒಪ್ತೀನಿ. ಆದ್ರೆ ಕಾಲು ನೆಲ ಬಿಡೋ ತನಕ ಇಂಜಿನ್ ನಮ್ಮನ್ನ ಎತ್ತಲ್ಲ, ನಾವು ಅದನ್ನ ಹೊತ್ಕೊಂಡು ಓಡ್ಬೇಕು. ಪೆಟ್ರೋಲ್ ಸೇರಿ 25-30 ಕೆಜಿ, ಅದೂ ಬಾಗದೆ, ನೆಟ್ಟಗೆ ನಿಂತು, ತಲೆ ಮೇಲೆ ರೆಕ್ಕೆ ಬಂತೋ ಇಲ್ವೋ ಅಂತ ಗಾಬರಿ ಬೀಳ್ದೆ.

ನಾನು ಕಲಿತಿದ್ದು ಮಹಾರಾಷ್ಟ್ರದ ಕಾಮಶೇತ್ ಕಡೆ. ಪುಣೆಯಿಂದ ಲೋಣಾವಳಕ್ಕೆ ಹೋಗೋ ಲೋಕಲ್ ಟ್ರೈನಲ್ಲಿ ಲೋಣಾವಳಕ್ಕಿಂತ ಸ್ವಲ್ಪ ಮುಂಚೆ ಸಿಗೋ ಸ್ಟೇಷನ್ನು. ಸುತ್ತ ಸಹ್ಯಾದ್ರಿ, ಒಂದು ಕಡೆ ಲೋಹಗಡ ವಿಸಾಪುರ ಕೋಟೆಗಳು, ಇನ್ನೊಂದು ಕಡೆ ಪವನಾ ಡ್ಯಾಮಿನ ಹಿನ್ನೀರು. ಮೋಟರ್ ಇಲ್ದೆ ಹಾರೋರಿಗೆ ಟವರ್ ಹಿಲ್, ಶೇಲಾರ್ ಅಂತ ಗುಡ್ಡಗಳಿವೆ, ಮಳೆಗಾಲ ಬಿಟ್ಟು ಅಕ್ಟೋಬರಿಂದ ಮೇ ತನಕ ಸೀಸನ್. ನಾನು ಹೋಗಿದ್ದು ಫೆಬ್ರವರಿಲಿ, ಭತ್ತ ಕುಯ್ದಾಗಿತ್ತು, ಗದ್ದೆ ಖಾಲಿ, ಕೂಳೆ ಮಾತ್ರ ಇತ್ತು. ಬೂಟ್ ಹಾಕ್ಕೊಂಡು ಓಡ್ಬೇಕಾದ್ರೆ ಆ ಕೂಳೆ ಕಾಲಿಗೆ ಸಿಗುತ್ತಲ್ಲ, ಅದು ಬೇರೆ ವಿಷ್ಯ.

ಮೊದಲ ದಿನಗಳು ಮೋಟರ್ ಮುಟ್ಟಕ್ಕೂ ಬಿಡ್ಲಿಲ್ಲ. ಬರೀ ರೆಕ್ಕೆ. ಗ್ರೌಂಡ್ ಹ್ಯಾಂಡ್ಲಿಂಗ್ ಅಂತಾರೆ, ಬಯಲಲ್ಲಿ ನಿಂತು ಗಾಳಿಗೆ ಮುಖ ಮಾಡಿ ರೆಕ್ಕೇನ ತಲೆ ಮೇಲೆ ಎತ್ತೋದು, ಅಲ್ಲೇ ನಿಲ್ಸೋದು, ಇಳ್ಸೋದು, ಮತ್ತೆ ಎತ್ತೋದು. ಬಟ್ಟೆ ನೈಲಾನು, ಮುಂದೆ ಬಾಯಿ ತೆರೆದ ಸಾಲು ಸಾಲು ಗೂಡುಗಳು, ಗಾಳಿ ಒಳಗೆ ನುಗ್ಗಿದ್ರೆ ಮಾತ್ರ ಅದಕ್ಕೆ ರೆಕ್ಕೆ ಆಕಾರ ಬರೋದು, ಒಳಗೆ ಕಡ್ಡಿ ಗಿಡ್ಡಿ ಏನೂ ಇಲ್ಲ (ಕೆಲವಕ್ಕೆ ಮುಂದಿನ ಅಂಚಲ್ಲಿ ಸಣ್ಣ ಪ್ಲಾಸ್ಟಿಕ್ ಕಡ್ಡಿ ಇರುತ್ತೆ, ಅಷ್ಟೇ). ಸ್ವಲ್ಪ ಜೋರು ಗಾಳಿ ಬಂತು ಅಂದ್ರೆ ಹಬ್ಬಕ್ಕೆ ತಂದ ಟಗರು ಹಗ್ಗ ಎಳ್ಕೊಂಡು ಹೋಗೋ ಹಾಗೆ ನಮ್ಮನ್ನೇ ಬಯಲು ತುಂಬ ಎಳ್ಕೊಂಡು ಹೋಗುತ್ತೆ. ಆಮೇಲೆ ಸಣ್ಣ ಇಳಿಜಾರಲ್ಲಿ ಮೋಟರ್ ಇಲ್ದೆ ಹಾರಾಟ. ಆಮೇಲೆ ಒಂದು ಮಧ್ಯಾಹ್ನ ಪೂರ್ತಿ ಶೆಡ್ಡಿನ ತೊಲೆಗೆ ಹಗ್ಗ ಕಟ್ಟಿ ಹಾರ್ನೆಸ್ (ಮೈಗೆ ಬಿಗಿಯೋ ಪಟ್ಟಿ, ಸೀಟು) ಸಮೇತ ನೇತಾಕಿದ್ರು, ಬೆನ್ನ ಮೇಲೆ ಮೋಟರ್, ಕೈಯಲ್ಲಿ ಥ್ರಾಟಲ್ ಅಂದ್ರೆ ಎಕ್ಸಿಲರೇಟರ್, ಇಂಜಿನ್ ನಿಲ್ಸೋ ಕಿಲ್ ಸ್ವಿಚ್ ಎಲ್ಲಿದೆ ಅಂತ ಕಣ್ಣು ಮುಚ್ಕೊಂಡು ಹುಡುಕು, ರಿಸರ್ವ್ ಪ್ಯಾರಾಚೂಟ್ ಹ್ಯಾಂಡಲ್ ಎಲ್ಲಿದೆ ಕೈ ಹಾಕು, ಸೀಟಲ್ಲಿ ಕೂತ್ಕೋ, ಸೀಟಿಂದ ಇಳಿ. ತೊಡೆ ಸಂದಿ ಮರಗಟ್ಟೋಗಿತ್ತು.

ನಮ್ಮ ಇನ್‌ಸ್ಟ್ರಕ್ಟರ್ ಮರಾಠಿಯವರು, ನಮ್ಮ ಜೊತೆ ಹಿಂದೀಲಿ, ಅದೂ ಅಳೆದು ಸುರಿದು ಮಾತು. ಮಳೆ ಬಿಸಿಲಿಗೆ ಕಪ್ಪಾದ ಮುಖ, ಕತ್ತಿಗೆ ಯಾವಾಗ್ಲೂ ಒಂದು ವಿಸಿಲ್. ಬೆಳಿಗ್ಗೆ ಐದಕ್ಕೆ ಎಬ್ಬಿಸೋರು. ಬೆಳಿಗ್ಗೆ ಗಾಳಿ ಶಾಂತ, ಬಿಸಿಲು ಏರಿದಂಗೆ ನೆಲ ಕಾದು ಗಾಳಿ ಮೇಲಕ್ಕೆ ಏಳಕ್ಕೆ ಶುರುವಾಗುತ್ತೆ, ಥರ್ಮಲ್ ಅಂತಾರೆ, ಮೋಟರ್ ಇಲ್ದೆ ಹಾರೋರು ಅದನ್ನೇ ಕಾಯ್ತಿರ್ತಾರೆ, ನಮ್ಮಂಥ ಹೊಸಬರಿಗೆ ಅದು ಬೇಡವೇ ಬೇಡ. ಒಂಬತ್ತು ಗಂಟೆಗೆಲ್ಲ ಗಂಟು ಮೂಟೆ ಕಟ್ಬೇಕು.

ಮೋಟರ್ ಹಾರಾಟದ ದಿನ ಗದ್ದೆಗೆ ಹೋದಾಗ ಇನ್ನೂ ಕತ್ಲೆ. ವಿಂಡ್‌ಸಾಕ್ (ಗಾಳಿ ತೋರ್ಸೋ ಬಟ್ಟೆ ಕೊಳವೆ) ಜೋತು ಬಿದ್ದಿತ್ತು, ಅಲ್ಲಾಡ್ತಾನೂ ಇರ್ಲಿಲ್ಲ. ದೂರದ ಒಂದು ಮನೇಲಿ ಒಲೆ ಹಚ್ಚಿದ್ರು ಅನ್ಸುತ್ತೆ, ಹೊಗೆ ತೆಂಗಿನಮರದಷ್ಟು ಎತ್ತರ ನೆಟ್ಟಗೆ ಹೋಗಿ ಅಲ್ಲಿಂದ ಪಕ್ಕಕ್ಕೆ ಮಡಚ್ಕೊಂಡು ಹೋಗ್ತಿತ್ತು. ಅದನ್ನ ತೋರ್ಸಿ ಕೇಳಿದ್ರು, ಏನು ಗೊತ್ತಾಯ್ತು? ಕೆಳಗೆ ಗಾಳಿ ಇಲ್ಲ ಮೇಲೆ ಇದೆ. ಅಷ್ಟೇ ಅಲ್ಲ, ಅಂದ್ರು, ಕೆಳಗೆ ಗಾಳಿ ಇಲ್ಲ ಅಂದ್ರೆ ನೀನು ಜಾಸ್ತಿ ಓಡ್ಬೇಕು. ರೆಕ್ಕೆಗೆ ಬೇಕಾದ ಸ್ಪೀಡು ಗಾಳಿ ಕೊಟ್ಟಷ್ಟು ಕೊಡುತ್ತೆ, ಮಿಕ್ಕಿದ್ದು ಕಾಲು ಮತ್ತೆ ಇಂಜಿನ್ ಕೊಡ್ಬೇಕು.

ಮೋಟರ್ ವಿಟ್ಟೊರಾಜಿ ಮೋಸ್ಟರ್ 185, ಇಟಲಿ ಮಾಲು, ಟೂ ಸ್ಟ್ರೋಕು, ಒಂದೇ ಸಿಲಿಂಡರ್, 25 ಹಾರ್ಸ್‌ಪವರ್. ನಾನು ಮೈಸೂರಿನವನು, ಅಪ್ಪನ ಹತ್ರ ಯೆಜ್ಡಿ ರೋಡ್‌ಕಿಂಗ್ ಇತ್ತು, ನಮ್ಮೂರಿನ ಐಡಿಯಲ್ ಜಾವಾ ಫ್ಯಾಕ್ಟರಿದೇ. ಅದು 250 ಸಿಸಿ, ಪವರ್ 16. ಅದಕ್ಕಿಂತ ಚಿಕ್ಕ ಇಂಜಿನ್ನು, ಒಂದೂವರೆ ಪಟ್ಟು ಪವರ್ರು, ಅದನ್ನ ಬೆನ್ನಿಗೆ ಕಟ್ಕೋಬೇಕು. ಪೆಟ್ರೋಲಿಗೆ ಟೂಟಿ ಆಯಿಲ್ ಅಳತೆ ಮಾಡಿ ಬೆರೆಸೋ ಕೆಲ್ಸ ನಂಗೇ ಕೊಟ್ಟಿದ್ರು, ಡಬ್ಬಿ ಮುಚ್ಚಳ ತೆಗೆದ ಕೂಡ್ಲೇ ಆ ವಾಸನೆ, ಸರಸ್ವತೀಪುರಂ ಮನೆ ವರಾಂಡ ಕಣ್ಣ ಮುಂದೆ ಬಂತು.

ಆಮೇಲೆ ಚೆಕಿಂಗ್. ಇದಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂದ್ರೆ ಹಾರೋದಕ್ಕಿಂತ ಇದೇ ಜಾಸ್ತಿ. ಪ್ರೊಪೆಲರ್ ಬೋಲ್ಟು, ಸೈಲೆನ್ಸರ್ ಸ್ಪ್ರಿಂಗು, ಪ್ರೊಪೆಲರ್ ಸುತ್ತ ಇರೋ ಕೇಜಿನ ಜಾಯಿಂಟುಗಳು, ಬಲೆ ಎಲ್ಲಾದ್ರೂ ಹರಿದಿದ್ಯಾ, ಥ್ರಾಟಲ್ ಕೇಬಲ್ ಸಿಕ್ಕಾಕೊಳ್ತಿದ್ಯಾ. ರೆಕ್ಕೇನ ಹಾರ್ನೆಸ್ಸಿಗೆ ಸೇರ್ಸೋ ಕೊಂಡಿ, ಕ್ಯಾರಬೈನರ್, ಅದ್ರ ಲಾಕ್. ಕೊನೇಗೆ ಲೆಗ್ ಸ್ಟ್ರಾಪು. ಅದನ್ನ ನಾವು ನೋಡ್ಬೇಕು, ಪಕ್ಕದವನು ನೋಡ್ಬೇಕು, ಮತ್ತೆ ಇನ್‌ಸ್ಟ್ರಕ್ಟರ್ ಬಂದು ಎಳೆದು ನೋಡ್ತಾರೆ. ಯಾಕಂದ್ರೆ ತೊಡೆ ಪಟ್ಟಿ ಹಾಕದೆ ಮೇಲೆ ಹೋದ್ರೆ ಹಾರ್ನೆಸ್ಸಿಂದ ಜಾರಿ ಕೆಳಗೆ ಬೀಳೋದೇ, ಅದಕ್ಕೆ ಎರಡನೇ ಚಾನ್ಸ್ ಇಲ್ಲ. ಇನ್ನೊಂದು ವಿಷ್ಯ ಅವ್ರು ಮತ್ತೆ ಮತ್ತೆ ಹೇಳಿದ್ದು, ಈ ಆಟದಲ್ಲಿ ಕೈ ಬೆರಳು ಹೋಗೋದು ಗಾಳೀಲಿ ಅಲ್ಲ, ನೆಲದ ಮೇಲೆ, ಇಂಜಿನ್ ಸ್ಟಾರ್ಟ್ ಮಾಡೋವಾಗ. ನೆಲದ ಮೇಲಿಟ್ಟು ಹಗ್ಗ ಎಳೀತಾರೆ, ಥ್ರಾಟಲ್ ಎಲ್ಲೋ ಸಿಕ್ಕಾಕೊಂಡಿರುತ್ತೆ, ಸ್ಟಾರ್ಟ್ ಆಗಿ ಮೈಮೇಲೇ ಬರುತ್ತೆ, ತಡೆಯಕ್ಕೆ ಕೈ ಚಾಚ್ತಾರೆ. ಕೇಜಿನ ಬಲೆ ಇರೋದು ರೆಕ್ಕೆ ದಾರಗಳು ಪ್ರೊಪೆಲರಿಗೆ ಸಿಗದಿರ್ಲಿ ಅಂತ, ಆ ಫೋರ್ಸಲ್ಲಿ ಬಂದ ಕೈಯನ್ನ ಅದು ತಡೆಯಲ್ಲ.

ಮೊದ್ಲು ಹೋದೋನು ಕೊಲ್ಹಾಪುರದ ಹುಡುಗ, ತೆಳ್ಳಗೆ, ನಮ್ಮೆಲ್ಲರಿಗಿಂತ ಚೆನ್ನಾಗಿ ಓಡೋನು. ರೆಕ್ಕೆ ಎದ್ದು ಅರ್ಧಕ್ಕೆ ಬಂದು ಒಂದು ಕಡೆ ವಾಲಿ ಬಿದ್ದೋಯ್ತು. ಇನ್ನೊಂದ್ಸಲ ಎದ್ದಿತು, ಕಾಲು ಹಗುರ ಆಯ್ತು, ಅಷ್ಟಕ್ಕೇ ಮಂಡಿ ಮಡಚಿ ಕೂರಕ್ಕೆ ಹೋದ. ಇನ್‌ಸ್ಟ್ರಕ್ಟರ್ ಕಿರುಚಿದ್ದು ರೇಡಿಯೋ ಬೇಡವಾಗಿ ಇಡೀ ಗದ್ದೆಗೆ ಕೇಳ್ಸಿತು, "ಬೈಠನಾ ನಹೀ! ಭಾಗೋ ಭಾಗೋ ಭಾಗೋ!" ಕೂರ್ಬೇಡ, ಓಡು ಅಂತ. ಕೂತ ತಕ್ಷಣ ಕಾಲಿನ ಸಪೋರ್ಟ್ ಹೋಯ್ತು, ರೆಕ್ಕೆಗೆ ಇನ್ನೂ ಪೂರ್ತಿ ತೂಕ ಹೊರೋ ಸ್ಪೀಡ್ ಬಂದಿಲ್ಲ, ಧಡ್ ಅಂತ ಕೇಜ್ ಸಮೇತ ಕೂತ. ಇಂಜಿನ್ ಅಷ್ಟರಲ್ಲಿ ಆಫ್ ಮಾಡಿದ್ದ, ಅದಕ್ಕೆ ಪ್ರೊಪೆಲರ್ ಉಳೀತು. ಇದು ಎಲ್ರಿಗೂ ಬರೋ ಚಪಲ ಅಂತೆ. ಕಾಲು ಹಗುರ ಆದ ಕ್ಷಣ ಹಾರಿಬಿಟ್ಟೆ ಅನ್ಸುತ್ತೆ, ಇನ್ನೂ ಹಾರಿರಲ್ಲ. ನೆಲ ಬಿಟ್ಟ ಮೇಲೂ ಕಾಲು ಓಡ್ತಾನೇ ಇರ್ಬೇಕು, ಗಾಳೀಲಿ ಓಡೋದು ನೋಡಕ್ಕೆ ಕಾರ್ಟೂನ್ ಥರ ಕಾಣ್ಲಿ ಪರವಾಗಿಲ್ಲ.

ನನ್ನ ಸರದಿ ಬಂತು. ರೆಕ್ಕೆ ಹಿಂದೆ ಕುದುರೆ ಲಾಳದ ಆಕಾರದಲ್ಲಿ ಹರಡಿತ್ತು, ಮುಂದಿನ ಸಾಲು ದಾರಗಳು ಸೇರೋ ಪಟ್ಟಿ, ಎ ರೈಸರ್, ಎರಡೂ ಕೈಯಲ್ಲಿ, ಅದೇ ಕೈಗಳಲ್ಲಿ ರೆಕ್ಕೆಯ ಹಿಂದಿನ ಅಂಚು ಎಳೆಯೋ ಬ್ರೇಕು, ಅದೇ ಬಲಗೈಯಲ್ಲಿ ಥ್ರಾಟಲ್ಲು. "ಕ್ಲಿಯರ್ ಪ್ರಾಪ್" ಅಂತ, ಅಂದ್ರೆ ಪ್ರೊಪೆಲರ್ ಹತ್ರ ಯಾರೂ ಬರ್ಬೇಡಿ ಅಂತ, ಕೂಗಿ ಸ್ಟಾರ್ಟ್ ಮಾಡಿದ್ವಿ. ಬೆನ್ನ ಹಿಂದೆ ಆ ಇಂಜಿನ್ ನಡುಗೋದು ಪಕ್ಕೆಲುಬಿಗೆ ಗೊತ್ತಾಗುತ್ತೆ. ಗುಡ್ಡದಲ್ಲಿ ಮೋಟರ್ ಇಲ್ದೆ ಓಡೋವಾಗ ಎದೆ ಮುಂದೆ ಬಾಗ್ಸಿ, ತಲೆ ಮುಂದೆ ಹಾಕಿ ಓಡು ಅಂತ ಇದೇ ಮನುಷ್ಯ ವಾರಗಟ್ಲೆ ತಲೆಗೆ ತುಂಬಿದ್ರು, ಈಗ ಅದನ್ನ ಮರೀಬೇಕು. ಮೋಟರ್ ಹಾಕ್ಕೊಂಡು ಬಾಗಿದ್ರೆ ಪ್ರೊಪೆಲರ್ ತಳ್ಳೋದು ಮುಂದಕ್ಕಲ್ಲ, ಕೆಳಕ್ಕೆ, 25 ಹಾರ್ಸ್‌ಪವರಲ್ಲಿ ಮೂಗು ಗದ್ದೆಗೆ. ಹಿಂದಕ್ಕೆ ಒರಗಿದ ಹಾಗೆ ನೆಟ್ಟಗೆ ನಿಂತು ಓಡ್ಬೇಕು, ದೇಹ ಒಪ್ಪಲ್ಲ ಇದಕ್ಕೆ.

ವಿಸಿಲ್ ಆಯ್ತು. ಓಡಿದೆ. ಮೂರ್ನಾಲ್ಕು ಹೆಜ್ಜೆಗೆ ರೆಕ್ಕೆ ಎದ್ದಿದ್ದು ಭುಜಕ್ಕೆ ಗೊತ್ತಾಯ್ತು, ಹಿಂದಕ್ಕೆ ಗಟ್ಟಿಯಾಗಿ ಎಳೀತು, ಆಮೇಲೆ ಆ ಎಳೆತ ಮೇಲಕ್ಕೆ ತಿರುಗ್ತು. ಆಗ ರೈಸರ್ ಬಿಟ್ಟು ಪೂರ್ತಿ ಥ್ರಾಟಲ್. ಇಂಜಿನ್ ಶಬ್ದಕ್ಕೆ ಅವ್ರ "ಭಾಗೋ" ಒಂದೂ ಕೇಳ್ಸಲ್ಲ, ಆದ್ರೂ ಅವ್ರು ಪಕ್ಕದಲ್ಲೇ ಓಡ್ತಾ ಬಾಯಿ ತೆರೀತಿದ್ದಿದ್ದು ಕಣ್ಣಂಚಲ್ಲಿ ಕಾಣ್ತಿತ್ತು. ಕೂಳೆ ಸವರ್ಕೊಂಡು ಹೋಗೋದು ಬೂಟಿನ ತಳಕ್ಕೆ ಗೊತ್ತಾಗ್ತಿತ್ತು, ಒಂದು ಹೆಜ್ಜೆಗೆ ಸಿಕ್ತು, ಮುಂದಿನ ಹೆಜ್ಜೆಗೆ ತುದಿ ಮಾತ್ರ, ಆಮೇಲೆ ಏನೂ ಇಲ್ಲ. ನಾನು ಓಡ್ತಾನೇ ಇದ್ದೆ. ಬದು ದಾಟ್ತು, ಬೇಲಿ ದಾಟ್ತು, ನಾನಿನ್ನೂ ಓಡ್ತಾ ಇದೀನಿ, ಅಷ್ಟರಲ್ಲಿ ಕಿವೀಲಿ ಕರ್ ಕರ್ ಅಂತ ಏನೋ.

ಈ ರೇಡಿಯೋ ವಿಷ್ಯ ಹೇಳ್ಬೇಕು. ಪೂರ್ತಿ ಥ್ರಾಟಲ್ ಇದ್ದಾಗ ಹೆಲ್ಮೆಟ್ಟೊಳಗೆ ಏನು ಹೇಳಿದ್ರೂ ಅರ್ಥ ಆಗಲ್ಲ, ವಾಪಸ್ ಮಾತಾಡಕ್ಕೆ ನಮ್ಮ ಎರಡೂ ಕೈ ಬಿಡುವಿಲ್ಲ. ಅದಕ್ಕೆ ಕಾಲೇ ಉತ್ತರ. "ಸುನಾಯಿ ದೇ ರಹಾ ಹೈ ತೋ ಪೈರ್ ಹಿಲಾವೋ" ಅಂತಾರೆ, ಕೇಳ್ಸಿದ್ರೆ ಕಾಲು ಆಡಿಸ್ಬೇಕು. ನಾನು ಟೇಕಾಫ್ ಆದಾಗಿಂದ ಓಡ್ತಾನೇ ಇದ್ನಲ್ಲ, ಅವ್ರಿಗೆ ಅದೇ ಉತ್ತರ ಅನ್ಸಿರ್ಬೇಕು, ಸಾಕು ಬಾಬಾ ಈಗ ಕೂತ್ಕೋ ಅಂದ್ರು.

ಕೂತ್ಮೇಲೆ ಶುರುವಾಗೋದು ಆ ಸುಲಭದ ಭಾಗ. ನಿಜವಾಗ್ಲೂ ಸುಲಭ. ಎಡಕ್ಕೆ ಹೋಗ್ಬೇಕಾ ಎಡ ಬ್ರೇಕ್ ಎಳಿ, ಬಲಕ್ಕೆ ಬಲ. ಮೇಲೆ ಹೋಗ್ಬೇಕಾ ಥ್ರಾಟಲ್, ಇಳೀಬೇಕಾ ಬಿಡು. ಬೈಕ್ ಓಡ್ಸೋ ಅಭ್ಯಾಸ ಇರೋರಿಗೆ ಒಂದು ತೊಂದ್ರೆ, ಥ್ರಾಟಲ್ ಕೊಟ್ರೆ ಮುಂದಕ್ಕೆ ಜೋರಾಗಿ ಹೋಗಲ್ಲ, ಸ್ಪೀಡ್ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಗಂಟೆಗೆ 35-40 ಕಿಲೋಮೀಟರ್ ಆಜುಬಾಜು, ಮೇಲಕ್ಕೆ ಹತ್ತುತ್ತೆ. ರೆಕ್ಕೆ ನಮ್ಮಿಂದ ಏಳೆಂಟು ಮೀಟರ್ ಮೇಲಿದೆ, ಇಂಜಿನ್ ತಳ್ಳೋದು ಕೆಳಗಿರೋ ನಮ್ಮನ್ನ, ಹಾಗಾಗಿ ದಿಢೀರ್ ಅಂತ ಕೊಟ್ರೆ ನಾವು ಮುಂದೆ ತೂರ್ತೀವಿ ರೆಕ್ಕೆ ಹಿಂದೆ ಉಳಿಯುತ್ತೆ, ದಿಢೀರ್ ಅಂತ ಬಿಟ್ರೆ ರೆಕ್ಕೆ ಮುಂದೆ ನುಗ್ಗುತ್ತೆ. ನಿಧಾನ ಕೊಡು, ನಿಧಾನ ಬಿಡು. ಮತ್ತೆ ಟಾರ್ಕ್ ಅಂತ ಒಂದಿದೆ, ಪ್ರೊಪೆಲರ್ ಒಂದು ಕಡೆ ತಿರುಗಿದ್ರೆ ನಮ್ಮ ದೇಹನ ಇನ್ನೊಂದು ಕಡೆ ತಿರುಚುತ್ತೆ, ನಮ್ಮ ಮೋಟರ್ ಬಲಕ್ಕೆ ಎಳೀತಿತ್ತು, ಹೈಸ್ಕೂಲಲ್ಲಿ ನ್ಯೂಟನ್ನಿನ ಮೂರನೇ ನಿಯಮ ಬಾಯಿಪಾಠ ಮಾಡಿದ್ದು ಪಕ್ಕೆಗೆ ಅರ್ಥ ಆಗಿದ್ದು ಆವತ್ತೇ.

ಬೆಳಗಿನ ಹೊಗೆ ಮಡಚ್ಕೊಂಡಿದ್ದ ಎತ್ತರ ಬಂದಾಗ ಸಣ್ಣದಾಗಿ ಒಂದು ಅಲ್ಲಾಟ, ಆಮೇಲೆ ಎದುರು ಗಾಳಿ. ಕೆಳಗೆ ನೋಡಿದ್ರೆ ಗದ್ದೆ ಜಾಗ ಬಿಟ್ಟು ಕದಲ್ತಾನೇ ಇಲ್ಲ, ರಸ್ತೇಲಿ ಹಾಲಿನ ಕ್ಯಾನ್ ಕಟ್ಕೊಂಡು ಹೋಗ್ತಿದ್ದ ಸೈಕಲ್ಲು ನನ್ನನ್ನ ಓವರ್‌ಟೇಕ್ ಮಾಡ್ತು. ತಿರುಗಿಸಿದೆ, ಗಾಳಿ ಬೆನ್ನಿಗೆ ಬಂತು, ಅದೇ ಸೈಕಲ್ಲು ಎಲ್ಲೋ ಹಿಂದಕ್ಕೆ. ಪವನಾ ನೀರು ಬಿಸಿಲಿಗೆ ಹೊಳೀತಾ ಅಲ್ಲೇ ಹತ್ರ ಇದ್ದಂಗೆ ಕಾಣುತ್ತೆ, ಹೋಗ್ಬಿಡೋಣ ಅನ್ಸುತ್ತೆ, ಆದ್ರೆ ನೀರಿನ ಮೇಲೆ ವಿದ್ಯಾರ್ಥಿಗಳು ಹೋಗೋ ಹಾಗೇ ಇಲ್ಲ. ಹಾರ್ನೆಸ್ ಬಿಗಿದಿರುತ್ತೆ, ಬೆನ್ನಿಗೆ ಲೋಹದ ಗುಡ್ಡೆ, ಮೈಮೇಲೆ ಒದ್ದೆ ಬಟ್ಟೆ ದಾರಗಳು, ಈಜು ಬಂದ್ರೂ ಪ್ರಯೋಜನ ಕಮ್ಮಿ. 2018ರಲ್ಲಿ ನಮ್ಮ ಕಾರವಾರದ ಬೀಚಲ್ಲಿ ಪ್ಯಾರಾಮೋಟರ್ ಸಮುದ್ರಕ್ಕೆ ಬಿದ್ದು ನೌಕಾಪಡೆ ಅಧಿಕಾರಿಯೊಬ್ರು ತೀರಿಕೊಂಡ್ರಲ್ಲ, ನಾನು ಕರ್ನಾಟಕದವನು ಅಂತ ಗೊತ್ತಾದಾಗ ಇನ್‌ಸ್ಟ್ರಕ್ಟರ್ ಮೊದ್ಲು ಎತ್ತಿದ್ದು ಅದೇ ವಿಷ್ಯ. ಅವ್ರ ನಿಯಮ ಒಂದೇ, ಈ ಕ್ಷಣ ಇಂಜಿನ್ ನಿಂತ್ರೆ ಎಲ್ಲಿಳೀತೀಯ ಅಂತ ಯಾವಾಗ ಕೇಳಿದ್ರೂ ಒಂದು ಗದ್ದೆ ಕಡೆಗೆ ಕಾಲು ತೋರಿಸ್ಬೇಕು.

ಇಳಿಯೋವಾಗ ಇಂಜಿನ್ ಆಫ್. ಗದ್ದೆ ಪಕ್ಕಾ ಸಿಗುತ್ತೆ ಅಂದಾಗ ಕಿಲ್ ಸ್ವಿಚ್ ಒತ್ತೋದು, ಆಮೇಲೆ ಮೋಟರ್ ಬರೀ ಭಾರ. ಅಲ್ಲಿಂದ ರೇಡಿಯೋ ಸ್ಪಷ್ಟವಾಗಿ ಕೇಳುತ್ತೆ, ಕೈ ಮೇಲೆ, ಕಾಲು ಕೆಳಗೆ, ಸೀಟಿಂದ ಇಳಿ, ನೋಡು ದೂರ ನೋಡು, ಅಭೀ ನಹೀ, ಅಭೀ ನಹೀ (ಈಗ್ಲೇ ಬೇಡ), ಅಬ್ (ಈಗ)! ಎರಡೂ ಬ್ರೇಕ್ ಪೂರ್ತಿ ಕೆಳಗೆ. ಸ್ವಲ್ಪ ಓಡ್ಬೇಕಾಯ್ತು, ಮತ್ತೆ ಕೂಳೆ. ನಿಂತ್ಮೇಲೆ ಖುಷಿ ಪಡೋ ಹಾಗಿಲ್ಲ, ತಕ್ಷಣ ತಿರುಗಿ ರೆಕ್ಕೆ ಎಳ್ಕೋಬೇಕು, ಇಲ್ದಿದ್ರೆ ದಾರ ಬಂದು ಬಿಸಿ ಸೈಲೆನ್ಸರ್ ಮೇಲೆ ಬಿದ್ದು ಸುಟ್ಟೋಗುತ್ತೆ.

ಆವತ್ತು ಕೊಲ್ಹಾಪುರದ ಹುಡುಗನೂ ಹಾರಿದ, ನಂಗಿಂತ ನೀಟಾಗಿ. ಒಂಬತ್ತಕ್ಕೆ ಮುಂಚೇನೇ ವಿಂಡ್‌ಸಾಕ್ ಎದ್ದು ಕುಣಿಯಕ್ಕೆ ಶುರುವಾಯ್ತು, ಪ್ಯಾಕಪ್. ರೋಡಿನ ಟಪರೀಲಿ ವಡಾಪಾವ್ ತಿಂತಾ ಲಾಗ್‌ಬುಕ್ ಬರೆದ್ವಿ, ಬೆರಳಿನ ಎಣ್ಣೆ ಗುರುತು ಪುಸ್ತಕದ ಮೇಲೆಲ್ಲ.

ಈಗ ಎಲ್ರೂ ಕೇಳ್ತಾರೆ, ಮೋಟರ್ ತಗೊಳ್ತೀಯಾ ಅಂತ. ಹೊಸದು ಅಂದ್ರೆ ಲಕ್ಷಗಳಲ್ಲೇ ಮಾತು, ಜೊತೆಗೆ ರೂಲ್ಸು ಇದೆ, 2022ರಲ್ಲಿ ಕೇಂದ್ರದವ್ರು ರಾಷ್ಟ್ರೀಯ ವಾಯು ಕ್ರೀಡಾ ನೀತಿ ತಂದಿದಾರೆ, ಪ್ಯಾರಾಮೋಟರೂ ಅದ್ರೊಳಗೇ ಬರುತ್ತೆ, ಮಂಡಕಳ್ಳಿ ಏರ್‌ಪೋರ್ಟ್ ಪಕ್ಕದ ಹೊಲದಲ್ಲಿ ನಾನು ಇಷ್ಟ ಬಂದಂಗೆ ಏಳಕ್ಕಾಗಲ್ಲ. ನನ್ನ ಲೆಕ್ಕ ಏನಪ್ಪ ಅಂದ್ರೆ ಮೋಟರ್ ಕಾಯ್ಲಿ, ಮೊದ್ಲು ರೆಕ್ಕೆ. ಸಂಜೆ ಬಯಲಲ್ಲಿ ಎತ್ತಿ ಇಳಿಸ್ತಾ ಇದ್ರೆ ಸಾಕು, ಕೈ ಮರೆಯಲ್ಲ. ಸೆಕೆಂಡ್ ಹ್ಯಾಂಡ್ ಒಂದು ನೋಡಿದೀನಿ, ಇಎನ್ ಎ, ಹೊಸಬರಿಗೆ ಅಂತ ಇರೋ ದರ್ಜೇದು, ನನ್ನ ತೂಕಕ್ಕೂ ಸರಿಹೋಗುತ್ತೆ. ಬಟ್ಟೆ ಎಷ್ಟು ಗಾಳಿ ಸೋರುತ್ತೆ ಅನ್ನೋ ಪೊರೋಸಿಟಿ ಟೆಸ್ಟ್ ರಿಪೋರ್ಟ್ ಕಳ್ಸಿ ಅಂದಿದೀನಿ, ಮಾರೋನು ಫೋಟೋ ಮೇಲೆ ಫೋಟೋ ಕಳಿಸ್ತಿದಾನೆ, ರಿಪೋರ್ಟ್ ಮಾತ್ರ ಇನ್ನೂ ಬಂದಿಲ್ಲ.