ಸೌರ ಲವಣ ತಣಿಯುವ ಬಗೆ: ಮೂರನೆಯ ಸುತ್ತಿನ ಟಿಪ್ಪಣಿ

ಹಿಂದಿನ ಎರಡು ಸುತ್ತುಗಳಲ್ಲಿ ಕೈಕೊಟ್ಟಿದ್ದ ತಣಿಯುವಿಕೆಯ ರೇಖೆ (ಸಮಯದೊಂದಿಗೆ ತಾಪ ಇಳಿಯುವುದನ್ನು ತೋರಿಸುವ ನಕ್ಷೆ) ಈ ಬಾರಿ ಸ್ಪಷ್ಟವಾಗಿ ಸಿಕ್ಕಿದೆ. ಸೌರ ಉಷ್ಣ ಸ್ಥಾವರಗಳಲ್ಲಿ ಬಳಸುವ, ತೂಕದಲ್ಲಿ 60 ಭಾಗ ಸೋಡಿಯಂ ನೈಟ್ರೇಟ್ ಮತ್ತು 40 ಭಾಗ ಪೊಟ್ಯಾಸಿಯಂ ನೈಟ್ರೇಟ್ ಇರುವ ಸೌರ ಲವಣವೆಂಬ ಮಿಶ್ರಣವನ್ನೇ 200 ಗ್ರಾಂ ತೆಗೆದುಕೊಂಡು, ತೇವ ಹೋಗುವಂತೆ ಮೊದಲು ಒಣಗಿಸಿ, ಸ್ಟೀಲ್ ಪಾತ್ರೆಯಲ್ಲಿ 350 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದೆ. ನೈಟ್ರೇಟ್ ತಾನಾಗಿ ಉರಿಯದಿದ್ದರೂ ಉರಿಯುವ ವಸ್ತುವಿಗೆ ಆಮ್ಲಜನಕ ಒದಗಿಸುತ್ತದೆಯಾದ್ದರಿಂದ ಕಾಗದ, ಮರ, ಎಣ್ಣೆ ಯಾವುದನ್ನೂ ಹತ್ತಿರ ಇಟ್ಟಿರಲಿಲ್ಲ.

ಹಿಂದಿನ ತಪ್ಪು ತಾಪ ಅಳೆಯುವ ತಂತಿಯಾದ ಥರ್ಮೋಕಪಲ್‌ನ ತುದಿಯಲ್ಲಿತ್ತು. ಅದು ಪಾತ್ರೆಯ ಗೋಡೆಗೆ ತಾಗಿಕೊಂಡು, ಲವಣದ ಬದಲು ಬೇಗನೆ ತಣಿಯುವ ಲೋಹದ ತಾಪವನ್ನು ತೋರಿಸುತ್ತಿತ್ತು. ಈಗ ಅದನ್ನು ನಟ್ಟನಡುವೆ ತೂಗುಬಿಟ್ಟಿದ್ದೇನೆ.

ಆರಂಭದಲ್ಲಿ ನಿಮಿಷಕ್ಕೆ ಸುಮಾರು 4 ಡಿಗ್ರಿಯಂತೆ ಇಳಿಯುತ್ತಿದ್ದ ತಾಪ 238ರ ಹತ್ತಿರ ಒಮ್ಮೆಲೇ ನಿಧಾನವಾಯಿತು. ಅಲ್ಲಿಂದ 222ಕ್ಕೆ ಇಳಿಯಲು 25 ನಿಮಿಷ ಹಿಡಿಯಿತು; ಹಳೆಯ ವೇಗದಲ್ಲಾಗಿದ್ದರೆ 4 ನಿಮಿಷ ಸಾಕಿತ್ತು. ಶುದ್ಧ ಲವಣದಂತೆ ಇದು ಒಂದೇ ತಾಪದಲ್ಲಿ ಹೆಪ್ಪುಗಟ್ಟುವುದಿಲ್ಲ. ಮೊದಲು ಸೋಡಿಯಂ ಹೆಚ್ಚಿರುವ ಹರಳುಗಳು ಬೇರ್ಪಡುತ್ತವೆ, ಉಳಿದ ದ್ರವದಲ್ಲಿ ಪೊಟ್ಯಾಸಿಯಂ ಪ್ರಮಾಣ ಏರುತ್ತ ಹೋಗುತ್ತದೆ, ಆ ಉದ್ದಕ್ಕೂ ಗುಪ್ತೋಷ್ಣ (ದ್ರವ ಗಟ್ಟಿಯಾಗುವಾಗ ಬಿಟ್ಟುಕೊಡುವ ಉಷ್ಣ) ಹೊರಬೀಳುತ್ತಿದ್ದು, ತಾಪದ ಇಳಿತವನ್ನು ನಿಧಾನಗೊಳಿಸುತ್ತದೆ. ಕಣ್ಣಿಗೂ ಇದು ಕಾಣಿಸಿತು: ನೀರಿನಷ್ಟು ತಿಳಿಯಾಗಿದ್ದ ದ್ರವದ ಅಂಚಿನಲ್ಲಿ ಬಿಳಿ ಪೊರೆ ಮೂಡಿ ಒಳಮುಖವಾಗಿ ಬೆಳೆಯಿತು, ಕೊನೆಗೆ ಗಟ್ಟಿಯಾದ ನಡುಭಾಗ ಕುಗ್ಗಿ ಆಲಿಕೆಯಂತೆ ಕುಸಿಯಿತು.

ಕನ್ನಡಿಗಳಿಂದ ಬಿಸಿಲನ್ನು ಗೋಪುರದ ತುದಿಗೆ ಹರಿಸಿ ಲವಣ ಕಾಯಿಸುವ ಗೋಪುರ ಮಾದರಿಯ ಸ್ಥಾವರಗಳು, ಉಷ್ಣ ಬಿಟ್ಟುಕೊಟ್ಟ ಲವಣವನ್ನು ತುಂಬಿಡುವ ತಣ್ಣನೆಯ ತೊಟ್ಟಿಯನ್ನೂ 290 ಡಿಗ್ರಿಯ ಆಸುಪಾಸಿನಲ್ಲಿ ಏಕೆ ಇಡುತ್ತವೆ ಎಂಬುದು ಈ ರೇಖೆಯನ್ನು ನೋಡಿದ ಮೇಲೆ ನನಗೆ ಮನದಟ್ಟಾಯಿತು. ಕೊಳವೆಯೊಳಗೆ ಮೊದಲ ಹರಳು ಮೂಡುವುದಕ್ಕೂ ಮುನ್ನ ಸುಮಾರು 50 ಡಿಗ್ರಿಯ ಅಂತರ ಉಳಿದಿರಬೇಕು. ಮೇಲಿನ ಮಿತಿ 565ರ ಸುಮಾರಿಗಿದೆ. ಅದನ್ನು ಬಹಳ ಮೀರಿದರೆ ನೈಟ್ರೇಟ್ ವಿಘಟನೆಗೊಳ್ಳುವುದು ಹೆಚ್ಚುತ್ತದೆ. ದ್ರವದ ವಿಶಿಷ್ಟೋಷ್ಣ (ತಾಪ ಒಂದು ಡಿಗ್ರಿ ಏರಲು ಬೇಕಾಗುವ ಉಷ್ಣ) ಗ್ರಾಮಿಗೆ ಡಿಗ್ರಿಯೊಂದಕ್ಕೆ ಸುಮಾರು 1.5 ಜೂಲ್ ಆಗಿರುವುದರಿಂದ, ಈ 275 ಡಿಗ್ರಿಗಳ ನಡುವೆ ಒಂದು ಕಿಲೋ ಲವಣ ಸುಮಾರು 415 ಕಿಲೋಜೂಲ್ ಉಷ್ಣವನ್ನು ಹಿಡಿದಿಡುತ್ತದೆ. ಅದೇ ತಾಪದ ವ್ಯಾಪ್ತಿಯಲ್ಲಿ ಸಾಂದ್ರತೆ ಘನಮೀಟರಿಗೆ ಸುಮಾರು 1,905 ಕಿಲೋದಿಂದ 1,730ಕ್ಕೆ ಇಳಿಯುತ್ತದೆ, ಅಂದರೆ ಗಾತ್ರ ಹತ್ತನೆಯ ಒಂದು ಭಾಗದಷ್ಟು ಹಿಗ್ಗುತ್ತದೆ. ತೊಟ್ಟಿಯ ಅಳತೆ ನಿರ್ಧರಿಸುವವರು ಈ ಹಿಗ್ಗುವಿಕೆಯನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು.

ಮುಂದಿನ ಸುತ್ತಿಗೆ ಸೋಡಿಯಂ ನೈಟ್ರೈಟ್ ಬೆರೆತ, 142 ಡಿಗ್ರಿಯಲ್ಲೇ ಕರಗುವ, ‘ಹೈಟೆಕ್’ (Hitec) ಎಂಬ ಹೆಸರಿನ ಲವಣ ಮಿಶ್ರಣವನ್ನು ಆರಿಸಿಕೊಂಡಿದ್ದೇನೆ. ಪಾತ್ರೆಯನ್ನೂ ಥರ್ಮೋಕಪಲ್‌ನ ಆಳವನ್ನೂ ಬದಲಿಸದೆ ಅಳೆದು, ಎರಡೂ ರೇಖೆಗಳನ್ನು ಒಂದೇ ಹಾಳೆಯ ಮೇಲೆ ಎಳೆಯಲಿದ್ದೇನೆ.