ಮನೆಗೊಬ್ಬರಕ್ಕೆ ಯಾವ ಕಳೆ ಸರಿ, ಯಾವುದು ಬೇಡ: ನರ್ಸರಿ ಕೆಲಸದಲ್ಲಿ ಕಲಿತದ್ದು

ಸಸಿ ಬೆಳೆಸುವ ನರ್ಸರಿಯೊಂದರಲ್ಲಿ ಕಾಂಪೋಸ್ಟ್ ರಾಶಿಗಳ ಉಸ್ತುವಾರಿ ನನ್ನ ಕೆಲಸ. ಮನೆಯಲ್ಲಿ ಗೊಬ್ಬರ ಮಾಡುವವರು ನನ್ನಲ್ಲಿ ಹೆಚ್ಚಾಗಿ ಕೇಳುವುದು ಹಾಕಬಹುದಾದ ಮತ್ತು ಹಾಕಬಾರದ ಕಳೆಗಳ ಪಟ್ಟಿಯನ್ನು. ಈ ಕೆಲಸದಲ್ಲಿ ನಾನು ಕಂಡುಕೊಂಡಂತೆ ಪಟ್ಟಿಗಿಂತ ಎರಡು ಪ್ರಶ್ನೆಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ: ಕಿತ್ತ ಗಿಡ ಯಾವ ಭಾಗದಿಂದ ಮತ್ತೆ ಚಿಗುರುತ್ತದೆ, ಮತ್ತು ನಮ್ಮ ರಾಶಿ ಎಷ್ಟು ಬಿಸಿಯಾಗುತ್ತದೆ.

ಎರಡನೆಯದನ್ನೇ ಮೊದಲು ನೋಡೋಣ. ಹೆಚ್ಚಿನ ಕಳೆಬೀಜಗಳು ಸಾಯಬೇಕಾದರೆ ರಾಶಿಯೊಳಗೆ 55ರಿಂದ 60 ಡಿಗ್ರಿ ಸೆಲ್ಸಿಯಸ್ ಶಾಖ ಕೆಲವು ದಿನ ಎಡೆಬಿಡದೆ ನಿಲ್ಲಬೇಕು. ಉದ್ದ, ಅಗಲ, ಎತ್ತರ ಮೂರೂ ಸುಮಾರು 1 ಮೀಟರ್ ಇರುವ ರಾಶಿಯನ್ನು ಒಂದೇ ಸಲಕ್ಕೆ ಒಟ್ಟಿ ತೇವವನ್ನು ಹದವಾಗಿ ಕಾಯ್ದುಕೊಂಡರೆ ನಡುಭಾಗಕ್ಕೆ ಅಷ್ಟು ಶಾಖ ಬರುತ್ತದೆ. ಹೊರಪದರ ಮಾತ್ರ ತಣ್ಣಗೇ ಉಳಿಯುವುದರಿಂದ, ಅದು ಒಳಗೆ ಸೇರುವಂತೆ ಹಲವು ಬಾರಿ ಮಗುಚಬೇಕಾಗುತ್ತದೆ. ದಿನಕ್ಕೆ ಒಂದೆರಡು ಹಿಡಿ ಸಿಪ್ಪೆ ಬೀಳುವ ಮನೆಯ ಡಬ್ಬಿ ಅಷ್ಟು ಕಾಯುವುದಿಲ್ಲ. ಅದು ಬೀಜವನ್ನು ಕೊಲ್ಲಲಾರದು ಎಂದೇ ಎಣಿಸಿ ನಿರ್ಧರಿಸುವುದು ಕ್ಷೇಮ.

ಹಾಗೆ ಎಣಿಸಿದರೆ ಗಿಡದ ಹೆಸರಿಗಿಂತ ಅದರ ಹಂತ ಮುಖ್ಯವಾಗುತ್ತದೆ. ಹೂ ಬಿಡುವ ಮುನ್ನ ಕಿತ್ತ ಪಾರ್ಥೇನಿಯಂ ಒಳ್ಳೆಯ ಹಸಿರು ಗೊಬ್ಬರವಾಗುತ್ತದೆ. ಚರ್ಮಕ್ಕೆ ತುರಿಕೆ ತರುವ ಗಿಡವಾದ್ದರಿಂದ ಕೈಗವಸು ಮಾತ್ರ ಬೇಕೇ ಬೇಕು. ಹೂ ಬಿಟ್ಟ ಮೇಲೆ ಅದೇ ಗಿಡ ಸಾವಿರಾರು ಬೀಜಗಳನ್ನು ಹೊತ್ತಿರುತ್ತದೆ, ಡಬ್ಬಿಗೆ ಬೇಡ. ಗೋಣಿಸೊಪ್ಪಿನಂತಹ ರಸಭರಿತ ಕಳೆಗಳು ಕಿತ್ತು ಬಿಸಾಡಿದ ಜಾಗದಲ್ಲೇ ಬೇರು ಬಿಡುತ್ತವೆ, ಬೀಜವನ್ನೂ ಬಲಿಸಿಕೊಳ್ಳುತ್ತವೆ.

ಬೀಜಕ್ಕಿಂತ ಹೆಚ್ಚು ಕಾಡುವುದು ಗಡ್ಡೆ ಮತ್ತು ಗೆಣ್ಣು. ಜೇಕನ್ನು ಮೆಲ್ಲಗೆ ಅಗೆದು ಮಣ್ಣು ಕೊಡವಿ ನೋಡಿ: ತಂತಿಯಂತಹ ತೆಳ್ಳಗಿನ ಎಳೆಯಲ್ಲಿ ಕಪ್ಪು ಗಡ್ಡೆಗಳು ಒಂದರ ಹಿಂದೊಂದು ಸಾಲಾಗಿ ಕೂತಿರುತ್ತವೆ, ಎಳೆ ತುಂಡಾದರೆ ಪ್ರತಿ ಗಡ್ಡೆಯೂ ಬೇರೆಯೇ ಗಿಡವಾಗುತ್ತದೆ. ಇದರ ಎಲೆಗಳನ್ನು ನೆಲಮಟ್ಟದಲ್ಲಿ ಕೊಯ್ದು ಹಾಕಬಹುದು, ಗಡ್ಡೆಯನ್ನು ಹಾಕಬಾರದು. ಗರಿಕೆಯ ಬಳ್ಳಿಯನ್ನು ಬಿಸಿಲಿನಲ್ಲಿ ಕಲ್ಲಿನ ಮೇಲೆ ಹರಡಿ, ಬಗ್ಗಿಸಿದರೆ ಲಟಕ್ಕನೆ ಮುರಿಯುವಷ್ಟು ಒಣಗಿಸಿದ ಮೇಲೆ ಸೇರಿಸಬಹುದು. ಗೆಣ್ಣಿನಲ್ಲಿ ಹಸಿ ಬಣ್ಣ ಕಂಡರೆ ಇನ್ನೂ ಜೀವವಿದೆ ಎಂದೇ ಅರ್ಥ.

ಅಡುಗೆಮನೆಯ ಕಸದ ವಿಷಯ ಇಷ್ಟು ಕಷ್ಟದ್ದಲ್ಲ. ತರಕಾರಿ, ಹಣ್ಣಿನ ಸಿಪ್ಪೆ, ಚಹಾದ ಚರಟ, ಕಾಫಿಪುಡಿಯ ಗಸಿ ಎಲ್ಲವೂ ಸರಿ. ಮೊಟ್ಟೆಯ ಚಿಪ್ಪು ನಿಧಾನವಾಗಿ ಕರಗುವುದರಿಂದ ಪುಡಿ ಮಾಡಿ ಹಾಕಬೇಕು. ಮಾಂಸ, ಮೀನು, ಹಾಲಿನ ಪದಾರ್ಥ, ಎಣ್ಣೆಯ ಜಿಡ್ಡು ಕೊಳೆಯುವುದಿಲ್ಲವೆಂದಲ್ಲ, ಅವು ಕೊಳೆಯುವಷ್ಟರಲ್ಲಿ ಇಲಿ, ನೊಣ, ದುರ್ವಾಸನೆ ಮೂರೂ ಬಂದು ಸೇರುತ್ತವೆ. ಹಣ್ಣಿನ ಮೇಲಿನ ಸ್ಟಿಕ್ಕರನ್ನೂ ಪ್ಲಾಸ್ಟಿಕ್ ಬೆರೆತ ಟೀ ಬ್ಯಾಗನ್ನೂ ಮರೆಯದೆ ತೆಗೆದಿಡಬೇಕು. ಹಸಿ ಕಸವೊಂದನ್ನೇ ತುಂಬಿದರೆ ಗಾಳಿಯಾಡದೆ ಲೋಳೆಯಾಗುತ್ತದೆ. ಒಣಎಲೆಯಲ್ಲಿ ಹೆಚ್ಚಿರುವ ಇಂಗಾಲ ಮತ್ತು ಹಸಿ ಕಸದಲ್ಲಿ ಹೆಚ್ಚಿರುವ ಸಾರಜನಕದ ಪ್ರಮಾಣ 25ರಿಂದ 30ಕ್ಕೆ 1 ಇರಬೇಕೆಂಬುದು ಗೊಬ್ಬರದ ಲೆಕ್ಕ. ಮನೆಯಲ್ಲಿ ಒಂದು ಪಾಲು ಹಸಿಗೆ ಎರಡು ಮೂರು ಪಾಲು ಒಣಎಲೆ ಎಂದು ಇಟ್ಟುಕೊಂಡರೆ ಸಾಕು.

ರೋಗ ಬಂದ ಗಿಡಗಳ ವಿಚಾರದಲ್ಲಿ ನಾನು ಕಟ್ಟುನಿಟ್ಟು. ಟೊಮೇಟೊ, ಮೆಣಸಿನ ಗಿಡಗಳಿಗೂ ತಗಲುವ ತಂಬಾಕು ಮೊಸಾಯಿಕ್ ವೈರಸ್ ಕಾಂಪೋಸ್ಟ್‌ನ ಶಾಖವನ್ನೂ ತಾಳಿಕೊಂಡು ಉಳಿಯಬಲ್ಲದು. ಆದ್ದರಿಂದ ಎಲೆಯಲ್ಲಿ ಹಳದಿ-ಹಸಿರು ಮಚ್ಚೆ ಮೂಡಿ ಸುರುಟಿಕೊಂಡ ಟೊಮೇಟೊ, ಮೆಣಸಿನ ಗಿಡಗಳನ್ನು ರಾಶಿಯ ಹತ್ತಿರವೂ ತರಗೊಡುವುದಿಲ್ಲ.

ಕಳೆನಾಶಕ ಸಿಂಪಡಿಸಿದ ಹುಲ್ಲಿನ ಬಗ್ಗೆ ಹೆಚ್ಚಿನವರು ಯೋಚಿಸುವುದೇ ಇಲ್ಲ. ಕ್ಲೋಪೈರಾಲಿಡ್, ಅಮಿನೋಪೈರಾಲಿಡ್‌ನಂತಹ ರಾಸಾಯನಿಕಗಳು ಹುಲ್ಲು ಕೊಳೆತ ಮೇಲೂ ಗೊಬ್ಬರದಲ್ಲಿ ಉಳಿದುಕೊಳ್ಳುತ್ತವೆ. ಆ ಹುಲ್ಲನ್ನು ತಿಂದ ದನದ ಸಗಣಿಯಲ್ಲೂ ಬರುತ್ತವೆ. ಎಲ್ಲಿಂದಲೋ ತಂದ ಹುಲ್ಲು ಸೇರಿದ ಗೊಬ್ಬರವನ್ನು ಪಾತಿಗೆ ಹಾಕುವ ಮುನ್ನ ಮಣ್ಣಿನೊಂದಿಗೆ ಬೆರೆಸಿ ಒಂದು ಕುಂಡಕ್ಕೂ, ಗೊಬ್ಬರವಿಲ್ಲದ ಮಣ್ಣನ್ನು ಇನ್ನೊಂದಕ್ಕೂ ತುಂಬಿ, ಎರಡರಲ್ಲೂ ಹುರುಳಿಕಾಯಿ ಬೀಜ ಬಿತ್ತಿ ಎರಡು ಮೂರು ವಾರ ಹೋಲಿಸಿ ನೋಡಬೇಕು. ಗೊಬ್ಬರದ ಕುಂಡದಲ್ಲಿ ಮಾತ್ರ ಹೊಸ ಎಲೆಗಳು ಬಟ್ಟಲಿನಂತೆ ಮುದುಡಿ ಕುಡಿ ತಿರುಚಿಕೊಂಡರೆ, ಆ ಗೊಬ್ಬರವನ್ನು ತರಕಾರಿ ಪಾತಿಗೆ ಬಳಸಬಾರದು.