ಬೀಗ ಗಟ್ಟಿಯಿದ್ದರೆ ಸಾಲದು, ಸಂದು ಬಿಡಬೇಡಿ

ನಗರದ ಸೈಕಲ್ ನಿಲ್ದಾಣಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬೀಳುವ ತಪ್ಪು ಇದು: ಮುಂದಿನ ಗಾಲಿಯನ್ನು ಮಾತ್ರ ಬಿಗಿದು ಹೊರಟುಬಿಡುವುದು. ಪೂರ್ತಿ ಸವಾರರದ್ದೇ ತಪ್ಪು ಎನ್ನಲಾಗದು. ಮುಂದಿನ ಗಾಲಿಯನ್ನಷ್ಟೇ ಒಳಗೆ ತೂರಿಸಿ ನಿಲ್ಲಿಸುವ ಕುಳ್ಳ ಸ್ಟ್ಯಾಂಡುಗಳಲ್ಲಿ ಬೀಗಕ್ಕೆ ಎಟುಕುವುದು ಆ ಗಾಲಿ ಒಂದೇ. ಆದರೆ ಪಾನಾ ಇಲ್ಲದೆ ಕೈಯಿಂದಲೇ ಗಾಲಿ ಬಿಚ್ಚುವ ಕ್ವಿಕ್ ರಿಲೀಸ್ ಇದ್ದರೆ ಅದರ ಹಿಡಿ ತೆರೆದು ಎದುರುಬದಿಯ ನಟ್ಟನ್ನು ನಾಲ್ಕು ಸುತ್ತು ಸಡಿಲಿಸಿದರೆ ಸಾಕು, ಗಾಲಿಯನ್ನು ಹಿಡಿದ ಕವಲು, ಅಂದರೆ ಫೋರ್ಕು, ಗಾಲಿಯಿಂದ ಮೇಲೆದ್ದು ಬರುತ್ತದೆ. ನಟ್ಟು ಹಾಕಿದ ಗಾಲಿಯಾದರೆ ಒಂದು ಪಾನಾ ಬೇಕು, ಅಷ್ಟೇ. ಗಾಲಿ ಬೀಗದ ಜೊತೆ ಸ್ಟ್ಯಾಂಡಿನಲ್ಲೇ ಉಳಿಯುತ್ತದೆ, ಸೈಕಲ್ ಹೋಗುತ್ತದೆ. ಅಂಥ ಸ್ಟ್ಯಾಂಡ್ ಬಿಟ್ಟು ಬೇರೆ ಗಟ್ಟಿ ಆಧಾರವೇ ಇಲ್ಲವೆಂದಾದರೆ ಸೈಕಲನ್ನು ಹಿಂದುಮುಂದಾಗಿ ತಿರುಗಿಸಿ, ಹಿಂದಿನ ಗಾಲಿಯ ಕಡೆಯಿಂದ ನಿಲ್ಲಿಸಿ ಬಿಗಿಯಿರಿ.

ಬೀಗದೊಳಗೆ ಮೂರು ಸೇರಬೇಕು: ಕದಲದ ಆಧಾರ, ಫ್ರೇಮು, ಹಿಂದಿನ ಗಾಲಿ. ಹಿಂದಿನದೇ ಏಕೆಂದರೆ ಗೇರು, ಹಬ್ಬು ಎಲ್ಲ ಸೇರಿ ಬೆಲೆ ಹೆಚ್ಚಿರುವುದು ಆ ಗಾಲಿಗೇ. ಯು-ಲಾಕ್ ಎಂದರೆ U ಆಕಾರದ ಉಕ್ಕಿನ ಸರಳು, ಅದರ ಎರಡು ಕಾಲುಗಳನ್ನು ಮುಚ್ಚುವ ಅಡ್ಡಪಟ್ಟಿ. ಅದರ ಒಂದು ಕಾಲನ್ನು ಹಿಂದಿನ ಗಾಲಿಯ ಕಡ್ಡಿಗಳ ನಡುವೆ ತೂರಿಸಿ, ಸೀಟಿನ ಕೆಳಗಿನ ನೇರ ಕೊಳವೆಯನ್ನೂ ಕಂಬವನ್ನೂ ಒಟ್ಟಿಗೆ ಅಪ್ಪುವಂತೆ ಮುಚ್ಚುವುದು ಸರಿಯಾದ ಕ್ರಮ. ಹಾಕುವಾಗ ಡಿಸ್ಕ್ ಬ್ರೇಕಿನ ತಟ್ಟೆಗೆ ಬೀಗ ಒರಗದಂತೆ ನೋಡಿಕೊಳ್ಳಿ. ಯಾರೋ ಸೈಕಲನ್ನು ಪಕ್ಕಕ್ಕೆ ತಳ್ಳಿದರೂ ಆ ತಟ್ಟೆ ಸೊಟ್ಟಗಾಗುತ್ತದೆ.

ಲಾಕು ಚಿಕ್ಕದಾಗಿ ಕೊಳವೆಯವರೆಗೆ ಬಾರದಿದ್ದರೆ, ಅಮೆರಿಕದ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ ಹೇಳಿಕೊಟ್ಟ ಉಪಾಯವಿದೆ. ಹಿಂದಿನ ಗಾಲಿಯ ರಿಮ್ಮು ಫ್ರೇಮಿನ ಹಿಂಭಾಗದ ತ್ರಿಕೋನದೊಳಗೆ ಹಾದುಹೋಗುವ ಜಾಗದಲ್ಲಿ ರಿಮ್ಮಿಗೂ ಕಂಬಕ್ಕೂ ಮಾತ್ರ ಬೀಗ ಹಾಕುವುದು. ಫ್ರೇಮಿನ ಯಾವ ಕೊಳವೆಯೂ ಬೀಗದೊಳಗಿಲ್ಲ ಎಂದು ಮೊದಲ ನೋಟಕ್ಕೆ ಭಯವಾಗುತ್ತದೆ. ಆದರೆ ಗಾಲಿ ಬಿಚ್ಚಿದರೂ ಬೀಗ ಸಿಕ್ಕಿಸಿದ ರಿಮ್ಮು ಆ ತ್ರಿಕೋನದಿಂದ ಹೊರಬರುವುದಿಲ್ಲ. ಟಯರು, ರಿಮ್ಮು ಎರಡನ್ನೂ ಕತ್ತರಿಸಬೇಕು. ಕಡ್ಡಿಗಳ ಎಳೆತ ರಿಮ್ಮನ್ನು ಎಲ್ಲ ಕಡೆಯಿಂದ ಬಿಗಿಹಿಡಿದಿರುವುದರಿಂದ ಅರ್ಧ ಕೊಯ್ಯುವಷ್ಟರಲ್ಲಿ ಗರಗಸದ ಅಲಗು ಕಚ್ಚಿಕೊಳ್ಳುತ್ತದೆ. ಹಾಗಿದ್ದೂ ಕೊಳವೆಯನ್ನೇ ಸೇರಿಸಲು ಸಾಧ್ಯವಿದ್ದಾಗ ಅದನ್ನು ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಲೋಹ ಕೊಯ್ಯುವ ಬ್ಯಾಟರಿ ಗ್ರೈಂಡರ್ ಹಿಡಿದವನಿಗೆ ಅಲ್ಯೂಮಿನಿಯಂ ರಿಮ್ಮು ದೊಡ್ಡ ಅಡ್ಡಿಯಲ್ಲ.

ಇನ್ನು ಸಂದಿನ ವಿಷಯ. ದೊಡ್ಡ ಯು-ಲಾಕ್ ಕೊಂಡರೆ ಎಲ್ಲಿ ಬೇಕಾದರೂ ಹಾಕಬಹುದೆಂದು ಜನ ದೊಡ್ಡದನ್ನೇ ಆರಿಸುತ್ತಾರೆ. ಬೀಗದೊಳಗೆ ಖಾಲಿ ಉಳಿದ ಜಾಗ ಕಳ್ಳನ ಉಪಕರಣಕ್ಕೆ ಜಾಗ. ಅಲ್ಲಿ ಉದ್ದ ಸರಳು ತೂರಿಸಿ ಮೀಟಬಹುದು, ಸಣ್ಣ ಜಾಕ್ ಇಟ್ಟು ಕಾಲುಗಳನ್ನು ಅಗಲಿಸಬಹುದು. ಕಂಬ, ಕೊಳವೆ, ರಿಮ್ಮು ಮೂರೂ ಸೇರಿ ಒಳಗೆ ಬೆರಳು ಆಡದಷ್ಟು ತುಂಬಿಕೊಂಡರೆ ಅದೇ ಒಳ್ಳೆಯ ಅಳತೆ. ಒಳಗಿನ ಅಗಲ 10 ಸೆಂ.ಮೀ., ಉದ್ದ 20 ಸೆಂ.ಮೀ. ಆಸುಪಾಸಿನದು ಹೆಚ್ಚಿನ ಕಡೆ ಸಾಕಾಗುತ್ತದೆ.

ಬೀಗದ ಚೈನು ಹಾಕುವವರು ಅದನ್ನು ನೆಲಕ್ಕೆ ಜೋತುಬಿಡುತ್ತಾರೆ. ಸರಳು ಕತ್ತರಿಸುವ ಉದ್ದ ಹಿಡಿಗಳ ಬೋಲ್ಟ್ ಕಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ ಇನ್ನೊಂದರ ಮೇಲೆ ಮೈಭಾರವನ್ನೆಲ್ಲ ಹಾಕಲು ಇದಕ್ಕಿಂತ ಅನುಕೂಲ ಬೇರಿಲ್ಲ. ಬರಿಗೈಯಲ್ಲಿ ಎತ್ತಿಹಿಡಿದು ಒತ್ತಿದರೆ ತುಂಡಾಗದ ಕೊಂಡಿ ಹೀಗೆ ಒತ್ತಿದರೆ ತುಂಡಾಗಬಹುದು. ನೆಲಗಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಬಡಿಯಲೂ ಬರುತ್ತದೆ. ಚೈನು, ಬೀಗ ಎರಡೂ ಮೊಣಕಾಲಿಗಿಂತ ಮೇಲಿರಲಿ, ಸಡಿಲ ಸುತ್ತುಗಳು ಬೇಡ. ಕೀಲಿಕಂಡಿ ಕೆಳಮುಖವಾಗಿದ್ದರೆ ಮಳೆನೀರು, ಧೂಳು ಒಳಗಿಳಿಯುವುದು ಕಡಿಮೆ.

ಕೇಬಲ್ ಲಾಕಿನ ಬಗ್ಗೆ ಕಟುವಾಗಿಯೇ ಹೇಳಬೇಕು. ಹೆಬ್ಬೆರಳು ಗಾತ್ರ ಕಾಣುವ ಕೇಬಲಿನ ಪ್ಲಾಸ್ಟಿಕ್ ಹೊದಿಕೆ ಸೀಳಿ ನೋಡಿದರೆ ಒಳಗಿರುವುದು ಹುರಿ ಹೊಸೆದ ಸಣ್ಣ ತಂತಿಗಳ ಎಳೆ. ಕೇಬಲ್ ಕಟರಿಗೆ ಕೆಲವು ಸೆಕೆಂಡಿನ ಕೆಲಸ. ಮುಂದಿನ ಗಾಲಿಯನ್ನು ಯು-ಲಾಕಿಗೆ ಜೋಡಿಸಲು ಎರಡನೆಯ ಬೀಗವಾಗಿ ಅದು ಪರವಾಗಿಲ್ಲ, ಸೈಕಲ್ ಕಾಯುವ ಏಕೈಕ ಬೀಗವಾಗಿ ಬೇಡವೇ ಬೇಡ. ಗಾಲಿ ತಿರುಗದಂತೆ ಮಾಡುವ, ಫ್ರೇಮಿಗೇ ಕೂರಿಸಿದ ರಿಂಗ್ ಲಾಕೂ ಅಷ್ಟೇ. ಸವಾರಿಯನ್ನು ತಡೆದೀತು, ಎತ್ತಿ ಗಾಡಿಗೆ ಹಾಕುವುದನ್ನು ತಡೆಯದು.

ಬೀಗದ ಗಡಸು ಉಕ್ಕಿನ ಸರಳಿನ ದಪ್ಪ 16 ಮಿ.ಮೀ. ದಾಟಿದರೆ ಕೈಯಿಂದ ಒತ್ತುವ ಬೋಲ್ಟ್ ಕಟರುಗಳು ಸಾಮಾನ್ಯವಾಗಿ ಕೈಸೋಲುತ್ತವೆ. ಗ್ರೈಂಡರ್ ಅದನ್ನೂ ಕೊಯ್ಯುತ್ತದೆ, ಆದರೆ ಸದ್ದು ಮಾಡುತ್ತದೆ, ಕಿಡಿ ಹಾರಿಸುತ್ತದೆ, ಹೊತ್ತು ತಿನ್ನುತ್ತದೆ. ಯು-ಲಾಕಿನ ಎರಡೂ ಕಾಲುಗಳು ಅಡ್ಡಪಟ್ಟಿಯೊಳಗೆ ಬೇರೆ ಬೇರೆಯಾಗಿ ಬೀಗಬೀಳುವಂಥದ್ದನ್ನು ಆರಿಸಿ. ಒಂದೇ ಕಾಲು ಬೀಗಬೀಳುವಂಥದ್ದನ್ನು ಒಮ್ಮೆ ಕೊಯ್ದು ತಿರುಚಿದರೆ ಕಳಚಿಕೊಳ್ಳುತ್ತದೆ, ಎರಡೂ ಕಾಲು ಬೀಗಬೀಳುವಂಥದ್ದನ್ನು ಎರಡು ಕಡೆ ಕೊಯ್ಯಬೇಕು. ಬ್ರಿಟನ್ನಿನ ಸೋಲ್ಡ್ ಸೆಕ್ಯೂರ್ ಮತ್ತು ನೆದರ್‌ಲ್ಯಾಂಡ್ಸಿನ ಎ.ಆರ್.ಟಿ. ಸಂಸ್ಥೆಗಳು ಬೀಗಗಳನ್ನು ನಿಜವಾಗಿ ಒಡೆದು ನೋಡಿ ದರ್ಜೆ ಕೊಡುತ್ತವೆ. ತಯಾರಕರು ತಮ್ಮ ಡಬ್ಬಿಯ ಮೇಲೆ ತಾವೇ ಬರೆದುಕೊಂಡ 'ಹತ್ತಕ್ಕೆ ಒಂಬತ್ತು' ಅಂಕಗಳಿಗೆ ಆ ತೂಕವಿಲ್ಲ. ದಪ್ಪವೊಂದನ್ನೇ ನಂಬಿಯೂ ಆಗದು: ಕೊಳವೆಯಾಕಾರದ ಕೀಲಿಯ ದಪ್ಪ ಯು-ಲಾಕುಗಳು ಪ್ಲಾಸ್ಟಿಕ್ ಬಾಲ್‌ಪೆನ್ನಿನ ಹಿಂಬದಿಯಿಂದ ತೆರೆಯುತ್ತವೆಂದು 2004ರಲ್ಲಿ ಬಯಲಾಗಿ, ಕ್ರಿಪ್ಟೋನೈಟ್ ಕಂಪನಿ ಅಂಥ ಬೀಗಗಳನ್ನು ಬದಲಿಸಿಕೊಡಬೇಕಾಯಿತು. ಹಳೆಯ ಬೀಗ ಕೊಳ್ಳುವವರು ಕೀಲಿಯ ಆಕಾರ ನೋಡಿಯೇ ಕೊಳ್ಳಿ.

ನಂಬರ್ ಲಾಕಿನಲ್ಲಿ ನಾಲ್ಕು ಅಂಕಿಗಳಿದ್ದರೆ 10,000 ಸಾಧ್ಯತೆಗಳು. ಅವಸರದಲ್ಲಿ ಕೊನೆಯ ಚಕ್ರವೊಂದನ್ನೇ ತಿರುಗಿಸಿ ಹೋದರೆ ಉಳಿಯುವುದು ಹತ್ತೇ. ಎಲ್ಲ ಚಕ್ರಗಳನ್ನೂ ಕಲೆಸಿಬಿಡಿ.

ಬೀಗ ಹಾಕುವ ಮುನ್ನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ತುದಿ ನೋಡಿ: ಫಲಕವಿಲ್ಲದ ಗಿಡ್ಡ ಕಂಬದಿಂದ ಬೀಗ ಸಮೇತ ಸೈಕಲನ್ನು ಮೇಲೆತ್ತಿ ತೆಗೆಯಬಹುದು. ಬುಡ ನೋಡಿ: ಬೋಲ್ಟ್ ಸಡಿಲಿದೆಯೇ? ನಡುವೆ ಎಲ್ಲಾದರೂ ಟೇಪು, ಸ್ಟಿಕ್ಕರು ಸುತ್ತಿದ್ದರೆ ಉಗುರಿನಿಂದ ಕೆರೆದು ನೋಡಿ. ಮೊದಲೇ ಕೊಯ್ದಿಟ್ಟ ಕಂಬದ ಗಾಯವನ್ನು ಹೀಗೆ ಮರೆಮಾಡುವುದುಂಟು. ತಂತಿ ಬಲೆಯ ಬೇಲಿ ಲೆಕ್ಕಕ್ಕಿಲ್ಲ. ಎಳೆಯ ಮರಕ್ಕಂತೂ ಕಟ್ಟಬೇಡಿ, ತೊಗಟೆ ಸವೆದು ಮರ ಸಾಯುತ್ತದೆ.

ಸೀಟು, ದೀಪ ಕ್ವಿಕ್ ರಿಲೀಸಿನವಾದರೆ ಜೊತೆಗೊಯ್ಯಿರಿ, ಇಲ್ಲವೇ ಬೋಲ್ಟಿಗೆ ಬದಲಿಸಿ. ಕೀಲಿಕಂಡಿಗೆ ಅಡುಗೆ ಎಣ್ಣೆ ಬೇಡ, ಧೂಳು ಹಿಡಿದು ಮೇಣವಾಗುತ್ತದೆ. ತಯಾರಕರು ಬೇರೆ ಏನೂ ಹೇಳಿರದಿದ್ದರೆ ಹಾಕಿದ ಮೇಲೆ ಒಣಗುವ ಲೂಬ್ರಿಕೆಂಟ್ ಕೆಲವು ತಿಂಗಳಿಗೊಮ್ಮೆ ಎರಡು ತೊಟ್ಟು ಸಾಕು.

ಹಿಂದಿರುಗಿದಾಗ ನಿಮ್ಮ ಸೈಕಲಿಗೆ ನಿಮ್ಮದಲ್ಲದ ಇನ್ನೊಂದು ಬೀಗ ಬಿದ್ದಿದ್ದರೆ, ಯಾರೋ ಮರೆತು ಹಾಕಿರಬೇಕು, ನಾಳೆ ನೋಡೋಣ ಎಂದು ಬಿಟ್ಟುಹೋಗಬೇಡಿ. ರಾತ್ರಿ ನೀವಿಲ್ಲದಾಗ ಬಂದು ನಿಧಾನವಾಗಿ ಕೆಲಸ ಮುಗಿಸುವ ತಂತ್ರ ಅದಾಗಿರಬಹುದು. ಅಲ್ಲಿಂದಲೇ ಪೊಲೀಸರಿಗೆ ಫೋನ್ ಮಾಡಿ. ಸೈಕಲ್ ನಿಮ್ಮದೇ ಎಂದು ತೋರಿಸಲು ಪೆಡಲುಗಳ ನಡುವಿನ ಕೊಳವೆಯ ಅಡಿಯಲ್ಲಿ ಸಾಮಾನ್ಯವಾಗಿ ಕೊರೆದಿರುವ ಫ್ರೇಮ್ ನಂಬರ್ ಬೇಕಾಗುತ್ತದೆ. ಸೈಕಲನ್ನು ತಲೆಕೆಳಗು ನಿಲ್ಲಿಸಿ, ಕೆಸರು ಒರೆಸಿ, ಅದರ ಒಂದು ಫೋಟೊ ಈಗಲೇ ತೆಗೆದಿಟ್ಟುಕೊಳ್ಳಿ.